ಉಪ್ಪುಗಾಳಿಯ ಊರಿನಲ್ಲಿ ಹಳೆಯ ಪದ್ಮಿನಿ

ಹಳೆಯ ಕಾರು ಕೊಳ್ಳಲು ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಉಡುಪಿ, ಮಂಗಳೂರು ಕಡೆಯ ಕಾರಾದರೆ ಆ ಕೆಲಸ ಕೊನೆಗಿರಲಿ. ಬಾಗಿಲು ತೆರೆದು, ಮಂಡಿಯೂರಿ ಕುಳಿತು, ಬಾಗಿಲಿನ ತಳದ ಅಂಚನ್ನು ಒಳಬದಿಯಿಂದ ಬೆರಳಿನಲ್ಲಿ ಸವರಿ ನೋಡಬೇಕು. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು; ಬೋರ್ ಮಾಡಿಸಬಹುದು, ಪಿಸ್ಟನ್ ಬದಲಾಯಿಸಬಹುದು. ತಗಡು ಹೋದರೆ ಕಾರೇ ಹೋದಂತೆ.

ಇದನ್ನು ನನಗೆ ಕಲಿಸಿದ್ದು ಒಂದು ಸ್ಕ್ರೂಡ್ರೈವರ್. ನಮ್ಮ ಮನೆ ಕಾಪುವಿನ ಸಮೀಪ, ಕಡಲಿನಿಂದ ಸುಮಾರು ಎರಡು ಕಿಲೋಮೀಟರ್ ಒಳಗಿದೆ. ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮಲ್ಲಿದೆ. ನೋಡಿದವರೆಲ್ಲ ಬಣ್ಣವನ್ನು ಮೆಚ್ಚುತ್ತಿದ್ದರು. ಆದರೆ ಎಡಗಡೆಯ ಮುಂಬಾಗಿಲಿನ ಕೆಳಗೆ, ಸಿಲ್ ಎಂದು ಕರೆಯುವ ಉದ್ದನೆಯ ಟೊಳ್ಳು ಪಟ್ಟಿಯ ಮೇಲೆ, ಹೆಸರುಕಾಳಿನಷ್ಟು ದೊಡ್ಡ ನಾಲ್ಕೈದು ಗುಳ್ಳೆಗಳು ಎದ್ದಿದ್ದವು. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಕಾರಿಗೆ ಒಂದು ಸುತ್ತು ಬಂದು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಒಂದು ಗುಳ್ಳೆಯ ಮೇಲಿಟ್ಟು ಅಂಗೈಯಿಂದ ಒತ್ತಿದರು. ಸುತ್ತಿಗೆ ಬೇಕಾಗಲಿಲ್ಲ. ಮಾಗಿದ ಪಪ್ಪಾಯಿಗೆ ಚಾಕು ಇಳಿದ ಹಾಗೆ ಇಳಿಯಿತು. ಹೊರಗೆಳೆದಾಗ ತೂತಿನಿಂದ ಕಾಫಿ ಬಣ್ಣದ ನೀರು ಗೆರೆಯಾಗಿ ಹರಿದು ಬಂತು, ಅದರ ಹಿಂದೆಯೇ ಅವಲಕ್ಕಿಯಂತಹ ತುಕ್ಕಿನ ಪದರಗಳು. ಆಗ ಜನವರಿ. ಮಳೆ ನಿಂತು ಎರಡು ತಿಂಗಳ ಮೇಲಾಗಿತ್ತು. “ನೋಡಿ ಮಾರಾಯರೇ, ಇದು ಹೊರಗಿನಿಂದ ತಿಂದದ್ದಲ್ಲ. ಒಳಗಿನಿಂದ ತಿಂದುಕೊಂಡು ಹೊರಗೆ ಬಂದದ್ದು” ಎಂದರು.

ಮಳೆ ನಿಂತು ಎರಡು ತಿಂಗಳಾದ ಮೇಲೂ ಒಳಗೆ ನೀರು ಹೇಗೆ ಉಳಿಯಿತು? ಕರಾವಳಿಯಲ್ಲಿ ಹಳೆಯ ಕಾರು ಇಟ್ಟುಕೊಳ್ಳುವವರು ಬಿಡಿಸಬೇಕಾದ ಒಗಟು ಇದೊಂದೇ. ಇದನ್ನು ಬಿಡಿಸಿದರೆ ಕಾರನ್ನು ಎಲ್ಲಿ ನಿಲ್ಲಿಸಬೇಕು, ಯಾವುದರಿಂದ ಮುಚ್ಚಬೇಕು, ಯಾವ ನೀರಿನಿಂದ ತೊಳೆಯಬೇಕು, ತಳಕ್ಕೆ ಏನು ಬಳಿಯಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಎಲ್ಲರೂ ದೂರುವುದು ಮಳೆಯನ್ನು. ದೂರುವುದಕ್ಕೆ ಕಾರಣವೂ ಇದೆ: ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ನಮ್ಮಲ್ಲಿ ಅದರ ನಾಲ್ಕು ಪಟ್ಟಿನಷ್ಟು ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಮಳೆಯೊಂದೇ ಕಾರಣವಾಗಿದ್ದರೆ ಆಗುಂಬೆಯ ಕಾರುಗಳು ಮಲ್ಪೆಯ ಕಾರುಗಳಿಗಿಂತ ಮೊದಲೇ ಮಣ್ಣಾಗಬೇಕಿತ್ತು. ಅಲ್ಲಿ ಬೀಳುವ ಮಳೆ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ. ಆದರೂ ಘಟ್ಟದ ಮೇಲಿನಿಂದ ಬಂದ ಹಳೆಯ ಅಂಬಾಸಿಡರ್‌ನ ತಳಕ್ಕೆ ಬೆರಳಿನಿಂದ ತಟ್ಟಿದರೆ ಗಟ್ಟಿ ಸದ್ದು ಕೇಳುತ್ತದೆ. ಕಡಲ ಬದಿಯದಕ್ಕೆ ತಟ್ಟಿದರೆ ಮೆತ್ತನೆಯ ಸದ್ದು, ಜೊತೆಗೆ ಅಂಗೈಗೆ ಉದುರುವ ಪುಡಿ. ನಡುವೆ ಇರುವ ವ್ಯತ್ಯಾಸ ಉಪ್ಪು.

ತುಕ್ಕು ಹಿಡಿಯುವುದೆಂದರೆ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಪುಟ್ಟ ಬ್ಯಾಟರಿಗಳು ಕೆಲಸ ಮಾಡುವುದು. ಒಂದು ಕಡೆ ಕಬ್ಬಿಣದ ಕಣ ಎಲೆಕ್ಟ್ರಾನ್ ಬಿಟ್ಟುಕೊಟ್ಟು ನೀರಿಗೆ ಕರಗುತ್ತದೆ. ಆ ಎಲೆಕ್ಟ್ರಾನ್ ಲೋಹದೊಳಗೆ ಹರಿದು ಇನ್ನೊಂದು ಕಡೆ ಗಾಳಿಯ ಆಮ್ಲಜನಕಕ್ಕೂ ನೀರಿಗೂ ಸೇರುತ್ತದೆ. ಎರಡು ಕಡೆಗಳ ನಡುವೆ ವಿದ್ಯುತ್ ಮಂಡಲ ಪೂರ್ತಿಯಾಗಲು ಲೋಹದ ಮೇಲೆ ನೀರಿನ ಒಂದು ಪೊರೆ ಬೇಕು. ಮಳೆಯ ನೀರು ಹೆಚ್ಚುಕಡಿಮೆ ಶುದ್ಧ, ಅದರಲ್ಲಿ ವಿದ್ಯುತ್ ನಿಧಾನಕ್ಕೆ ಹರಿಯುತ್ತದೆ. ಉಪ್ಪು ಬೆರೆತರೆ ಸರಾಗವಾಗಿ ಹರಿಯುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಮೇಲಿನ ರಕ್ಷಣೆಯ ಪದರವನ್ನೂ ಒಡೆಯುತ್ತದೆ, ಒಡೆದು ತಾನು ಮುಗಿದುಹೋಗುವುದೂ ಇಲ್ಲ. ಒಮ್ಮೆ ಸೇರಿದ ಕ್ಲೋರೈಡ್ ತುಕ್ಕಿನ ಅಡಿಯಲ್ಲೇ ಕುಳಿತು ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ. ಹೀಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಮೇಲಕ್ಕೆತ್ತುತ್ತದೆ. ನನ್ನ ಸಿಲ್‌ನ ಮೇಲಿದ್ದ ಹೆಸರುಕಾಳುಗಳು ಅವೇ.

ಇನ್ನು ನೀರಿನ ಪೊರೆ. ಅದಕ್ಕೆ ಮಳೆಯೇ ಬೇಕಾಗಿಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಮಳೆಯಲ್ಲಿ, ನಮ್ಮ ಅಡುಗೆಮನೆಗಳಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ಭರಣಿಯಲ್ಲಿಟ್ಟ ಹರಳುಪ್ಪು ನೀರೊಡೆದು ತಳದಲ್ಲಿ ಉಪ್ಪುನೀರು ನಿಲ್ಲುತ್ತದೆ. ಭರಣಿಗೆ ಯಾರೂ ನೀರು ಹಾಕಿಲ್ಲ, ಉಪ್ಪೇ ಗಾಳಿಯಿಂದ ಎಳೆದುಕೊಂಡಿದೆ. ಶುದ್ಧ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ತೇವಾಂಶ ಶೇಕಡಾ 75 ದಾಟಿದಾಗ ಹೀಗೆ ಕರಗಲು ತೊಡಗುತ್ತದೆ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಶೇಕಡಾ 33ರಷ್ಟು ತೇವಾಂಶ ಸಾಕು. ಕರಾವಳಿಯ ಗಾಳಿ ಅದಕ್ಕಿಂತ ಒಣಗುವುದು ಚಳಿಗಾಲದ ಕೊನೆಗೆ ಮೂಡುಗಾಳಿ ಬೀಸುವ ಕೆಲವು ಮಧ್ಯಾಹ್ನಗಳಲ್ಲಿ ಮಾತ್ರ. ಎಂದರೆ, ಕಾರಿನ ಸಂದಿಯಲ್ಲಿ ಒಂದು ಚಿಟಿಕೆ ಕಡಲುಪ್ಪು ಸೇರಿತೆಂದರೆ ಆ ಸಂದಿ ಹೆಚ್ಚುಕಡಿಮೆ ವರ್ಷವಿಡೀ ಒದ್ದೆ. ಜನವರಿಯಲ್ಲಿ ಹೊರಬಂದ ಕಾಫಿ ಬಣ್ಣದ ನೀರಿನ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಅದು ಆಷಾಢದ ಮಳೆಯ ನೀರಾಗಿರಬೇಕಿಲ್ಲ. ದಿನವೂ ರಾತ್ರಿ ಗಾಳಿಯಿಂದ ಇಳಿದ ನೀರು.

ಆ ಉಪ್ಪು ಎರಡು ಕಿಲೋಮೀಟರ್ ಒಳಗಿನ ಮನೆಗೆ ಬರುವುದು ಹೇಗೆ? ತೆರೆ ಒಡೆದಾಗ ಹಾರುವ ನೀರಿನ ಕಣಗಳು ಗಾಳಿಯಲ್ಲೇ ಒಣಗಿ ಉಪ್ಪಿನ ಧೂಳಾಗುತ್ತವೆ. ದೊಡ್ಡ ಕಣಗಳು ದಂಡೆಯಿಂದ ಕೆಲವೇ ನೂರು ಮೀಟರಿನೊಳಗೆ ಉದುರಿಬಿಡುತ್ತವೆ. ಆದ್ದರಿಂದ ಮಲ್ಪೆ, ಪಣಂಬೂರು, ಸುರತ್ಕಲ್‌ನ ದಂಡೆಯ ಮನೆಗೂ ಮಣಿಪಾಲದ ಗುಡ್ಡದ ಮನೆಗೂ ಅಜಗಜಾಂತರ. ಸಣ್ಣ ಕಣಗಳು ಪಡುಗಾಳಿಯ ಜೊತೆ ಕಿಲೋಮೀಟರ್‌ಗಟ್ಟಲೆ ಒಳಗೆ ಬರುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿ ಗಾಳಿ ಜೋರಾದಾಗ ಇದು ಇನ್ನಷ್ಟು ಹೆಚ್ಚು. ಇದರ ಜೊತೆ ಯಾರೂ ಹೇಳದ ಇನ್ನೊಂದು ಮೂಲವಿದೆ: ಹೆದ್ದಾರಿ 66ರಲ್ಲಿ ಓಡುವ ಮೀನಿನ ಲಾರಿಗಳು. ಅವುಗಳಿಂದ ಸೋರುವ ಮಂಜುಗಡ್ಡೆಯ ಉಪ್ಪುನೀರು ರಸ್ತೆಯ ಮೇಲೆ ಹರಡಿ, ಹಿಂದೆ ಬರುವ ಕಾರಿನ ತಳಕ್ಕೆ ಟಯರಿನಿಂದ ಎರಚುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಶೀತದೇಶಗಳಲ್ಲಿ ಹಳೆಯ ಕಾರುಗಳು ತಳದಿಂದ ಕೊಳೆಯುವುದೂ ಹೀಗೆಯೇ. ಮುಂದೆ ಮೀನಿನ ಲಾರಿ ಕಂಡರೆ ನಾನು ನೂರು ಮೀಟರ್ ಹಿಂದೆ ಉಳಿಯುತ್ತೇನೆ, ಮನೆಗೆ ಬಂದ ಮೇಲೆ ಚಕ್ರದ ಕಮಾನುಗಳಿಗೆ ನೀರು ಹಾಯಿಸುತ್ತೇನೆ.

ಇಲ್ಲಿಂದ ಒಂದು ವಿಚಿತ್ರ ಸತ್ಯ ಹೊರಡುತ್ತದೆ. ಮಳೆ ಕಾರನ್ನು ತೊಳೆಯುತ್ತದೆ. ಅಂಗಳದಲ್ಲಿ ನಿಂತ ಕಾರಿನ ಚಾವಣಿ, ಬಾನೆಟ್, ಬಾಗಿಲಿನ ಹೊರಮೈಗಳ ಉಪ್ಪನ್ನು ಮೊದಲ ನಾಲ್ಕು ಮಳೆ ಹರಿಸಿಕೊಂಡು ಹೋಗುತ್ತದೆ. ಮಳೆ ತಲುಪದ ಕಡೆಯಲ್ಲಿ, ಅಂದರೆ ತಳ, ಬಾಗಿಲಿನ ಒಳಗು, ಹೆಡ್‌ಲೈಟಿನ ಹಿಂಬದಿ, ಮಡ್‌ಗಾರ್ಡಿನ ಒಳಮಡಿಕೆಗಳಲ್ಲಿ ಉಪ್ಪು ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ. ಪಡುಗಡೆಗೆ ಬಾಯಿ ತೆರೆದ ಶೆಡ್ಡಿನಲ್ಲಿ ನಿಂತ ಕಾರಂತೂ ಪೂರ್ತಿಯಾಗಿ ಹಾಗೆ: ಗಾಳಿ ಉಪ್ಪು ತರುತ್ತದೆ, ಮಳೆ ತೊಳೆಯುವುದಿಲ್ಲ. ‘ಒಳಗೇ ನಿಲ್ಲಿಸಿದ್ದೆವು, ಒಂದು ಹನಿ ನೀರು ಬಿದ್ದಿಲ್ಲ, ಆದರೂ ಹೀಗಾಯಿತಲ್ಲ’ ಎಂದು ಮರುಗುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರು ಕಾರನ್ನು ಕಡೆಗಣಿಸಿದವರಲ್ಲ. ಮಳೆಯಿಂದ ಕಾಪಾಡಿ ಉಪ್ಪಿಗೆ ಒಪ್ಪಿಸಿದವರು.

ವೇಗದ ಅಂದಾಜು ಬೇಕಿದ್ದರೆ ಐಎಸ್‌ಒ 9223 ಎಂಬ ಅಂತಾರಾಷ್ಟ್ರೀಯ ಮಾನದಂಡ ನೋಡಬಹುದು. ಅದು ವಾತಾವರಣವನ್ನು ತುಕ್ಕು ಹಿಡಿಸುವ ಶಕ್ತಿಗೆ ತಕ್ಕಂತೆ ವರ್ಗ ಮಾಡುತ್ತದೆ. ಸಿ2 ವರ್ಗದ ಒಣ ಊರಿನಲ್ಲಿ ಬಣ್ಣವಿಲ್ಲದ ಉಕ್ಕು ಮೊದಲ ವರ್ಷ ಹೆಚ್ಚೆಂದರೆ 25 ಮೈಕ್ರಾನ್ ಸವೆಯುತ್ತದೆ. ಉಪ್ಪುಗಾಳಿ ಜೋರಾಗಿರುವ ಸಿ5 ವರ್ಗದ ಜಾಗದಲ್ಲಿ 80ರಿಂದ 200 ಮೈಕ್ರಾನ್. ಹಳೆಯ ಕಾರಿನ ತಗಡಿನ ದಪ್ಪ ಒಂದು ಮಿಲಿಮೀಟರ್, ಅಂದರೆ ಸಾವಿರ ಮೈಕ್ರಾನ್ ಆಸುಪಾಸು. ಬಣ್ಣ ಹೋದ ಜಾಗವನ್ನು ಎರಡೂ ಬದಿಯಿಂದ ತಿನ್ನುತ್ತಾ ಬಂದರೆ ಎಷ್ಟು ಮಳೆಗಾಲ ತಡೆದೀತು, ಲೆಕ್ಕ ಕಠಿಣವಲ್ಲ.

ಪದ್ಮಿನಿಯ ವಿಷಯದಲ್ಲಿ ಇದು ಬರಿಯ ಅಂದದ ಪ್ರಶ್ನೆಯೂ ಅಲ್ಲ. ಇಟಲಿಯ ಫಿಯೆಟ್ 1100 ಮಾದರಿಯನ್ನು ಮುಂಬೈಯ ಕುರ್ಲಾದಲ್ಲಿ ತಯಾರಿಸಿದ ಕಾರು ಅದು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ಅದಕ್ಕೆ ಬೇರೆ ಚಾಸಿ, ಅಂದರೆ ಕೆಳಗಿನಿಂದ ಭಾರ ಹೊರುವ ಚೌಕಟ್ಟು, ಇಲ್ಲ. ತಳದ ತಗಡು, ಸಿಲ್, ಕಂಬಗಳು, ಚಾವಣಿ ಎಲ್ಲವೂ ಸೇರಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. 2014ರವರೆಗೆ ತಯಾರಾದ ಅಂಬಾಸಿಡರ್ ಕೂಡ ಹಾಗೆಯೇ. ಮಾರುತಿ 800 ಕೂಡ. ಹಳೆಯ ಜೀಪಿಗೆ ಕೆಳಗೆ ಗಟ್ಟಿಯಾದ ಚಾಸಿ ಇರುವುದರಿಂದ ಮೇಲಿನ ತಗಡು ಕೊಳೆತರೂ ಅದು ಓಡಾಡೀತು. ಪದ್ಮಿನಿಯ ಸಿಲ್ ಕೊಳೆತರೆ ಬಾಗಿಲು ಒಂದು ಎಳೆ ಜಗ್ಗಿ, ಹಾಕುವಾಗ ಎತ್ತಿ ಹಾಕಬೇಕಾಗುತ್ತದೆ. ಕೀಲು ಸವೆದಿದೆ ಎಂದುಕೊಂಡು ಕೀಲು ಬದಲಾಯಿಸಿದವರಿದ್ದಾರೆ. ಬಾಗಿದ್ದು ಕಾರು.

ಇಬ್ಬನಿ, ಮತ್ತು ಹಿಡಿಸೂಡಿಯ ಕಡ್ಡಿ

ಉಪ್ಪಿನಷ್ಟೇ ಕೆಲಸ ಮಾಡುವ ಇನ್ನೊಂದು ಸಂಗತಿ ಇಬ್ಬನಿ. 30 ಡಿಗ್ರಿ ಬಿಸಿಯ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಗೆ ತಣಿದರೆ 17 ಗ್ರಾಂ ಮಾತ್ರ. ನಮ್ಮ ಗಾಳಿ 30 ಡಿಗ್ರಿಯಲ್ಲಿ ಶೇಕಡಾ 80 ತೇವದಿಂದಿದ್ದರೆ, ಯಾವುದೇ ವಸ್ತು 26 ಡಿಗ್ರಿಗಿಂತ ತಣ್ಣಗಿದ್ದರೆ ಸಾಕು, ಅದರ ಮೇಲೆ ನೀರು ಕೂರುತ್ತದೆ. ಅಷ್ಟೇ ಬಿಸಿಯಿರುವ ಬಯಲುಸೀಮೆಯ ಗಾಳಿಯ ತೇವ ಶೇಕಡಾ 40 ಇದ್ದರೆ ವಸ್ತು 15 ಡಿಗ್ರಿಗೆ ಇಳಿಯುವವರೆಗೂ ಹನಿ ಕೂರುವುದಿಲ್ಲ. ಬೆಳಗಿನ ಜಾವ ತಣಿದಿದ್ದ ಎಂಜಿನ್ ಬ್ಲಾಕು, ಡಿಫರೆನ್ಷಿಯಲ್, ಬ್ರೇಕ್ ಡ್ರಮ್ ಇವು ದಪ್ಪ ಲೋಹಗಳು. ಬಿಸಿಲೇರಿದಾಗ ಗಾಳಿ ಬೇಗ ಬಿಸಿಯಾಗುತ್ತದೆ, ಇವು ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಒಂಬತ್ತು ಗಂಟೆಗೆ ಶೆಡ್ಡಿಗೆ ಹೋಗಿ ಬ್ಲಾಕಿನ ಮೇಲೆ ಕೈಯಿಟ್ಟರೆ ತಂಬಿಗೆಯ ಹೊರಮೈಯಂತೆ ಒದ್ದೆ ಹತ್ತುತ್ತದೆ. ಹೊರಗೆ ಬಿಸಿಲು ಕಾಯುತ್ತಿರುವ ದಿನವೂ ಹೀಗಾಗುವುದುಂಟು.

ಇದೇ ನೀರು ಬಾಗಿಲಿನೊಳಗೂ ಸಿಲ್‌ನೊಳಗೂ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಕಾರು ತಯಾರಿಸಿದವರು ತಳದಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ನಮ್ಮ ಕೆಂಪುಮಣ್ಣು ಆ ತೂತುಗಳನ್ನು ಅರೆದ ಹಿಟ್ಟಿನಂತೆ ಮುಚ್ಚಿಬಿಡುತ್ತದೆ. ಮುರಕಲ್ಲಿನ ಈ ಮಣ್ಣಿನ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ, ತುಕ್ಕಿನದೂ ಅದೇ. ಆದ್ದರಿಂದ ತಳಕ್ಕೆ ಟಾರ್ಚ್ ಹಾಕಿ ನೋಡಿದರೂ ಮಣ್ಣು ಯಾವುದು, ತುಕ್ಕು ಯಾವುದು ಗೊತ್ತಾಗುವುದಿಲ್ಲ. ಮುಟ್ಟಿಯೇ ನೋಡಬೇಕು.

ತೂತು ಬಿಡಿಸಲು ನಾನು ಬಳಸುವುದು ಹಿಡಿಸೂಡಿಯ, ಅಂದರೆ ತೆಂಗಿನ ಗರಿಯ ಪೊರಕೆಯ, ಕಡ್ಡಿ. ತಂತಿ ಹಾಕಿದರೆ ಒಳಗಿನ ಬಣ್ಣ ಕೆರೆದು ಹೊಸ ಗಾಯವಾಗುತ್ತದೆ. ತೆಂಗಿನ ಕಡ್ಡಿ ಬಾಗುತ್ತದೆ, ಕೆರೆಯುವುದಿಲ್ಲ. ಬಾಗಿಲಿಗೆ ಎರಡೋ ಮೂರೋ ತೂತು, ಸಿಲ್‌ಗೆ ಕೆಲವು, ಡಿಕ್ಕಿಯ ಮೂಲೆಗಳಲ್ಲಿ ಒಂದೊಂದು. ಕಡ್ಡಿ ತಿರುಗಿಸುತ್ತಾ ಒಳಗೆ ಬಿಟ್ಟು ಎಳೆದಾಗ ಮೊದಲು ಕೆಸರು ಬರುತ್ತದೆ, ಆಮೇಲೆ ನೀರು. ಎಲ್ಲ ಬಾಗಿಲಿಗೂ ಸೇರಿ ಹತ್ತು ನಿಮಿಷದ ಕೆಲಸ. ಹಳೆಯ ಕಾರಿಗೆ ಮಾಡಬಹುದಾದ ಆರೈಕೆಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವುದು ಇನ್ನೊಂದಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ನಿಲ್ಲಿಸುವ ಜಾಗ

ಮೊದಲ ಕೆಲವು ವರ್ಷ ನಮ್ಮ ಕಾರು ಪ್ಲಾಸ್ಟಿಕ್ ಹೊದಿಕೆಯ ಒಳಗಿತ್ತು. ನೀರು ಸ್ವಲ್ಪವೂ ಇಳಿಯದ, ದಪ್ಪನೆಯ, ತಳದವರೆಗೂ ಕಟ್ಟುವ ಹೊದಿಕೆ. ನೆಲದಿಂದ ಏಳುವ ತೇವ ಅದರೊಳಗೆ ಸಿಕ್ಕಿ, ರಾತ್ರಿ ಒಳಮೈಯಲ್ಲಿ ಹನಿಗಟ್ಟಿ, ಕಾರಿನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಹಿಟ್ಟು ಹಬೆಯಲ್ಲಿ ಬೇಯುವ ಹಾಗೆ ಕಾರು ನಾಲ್ಕು ತಿಂಗಳು ಅದರಲ್ಲಿ ಬೆಂದಿತು. ಪ್ಲಾಸ್ಟಿಕ್ ಹೊದಿಕೆ, ಟಾರ್ಪಾಲು ಎರಡೂ ಕರಾವಳಿಗೆ ಹೇಳಿದ್ದಲ್ಲ. ಸೂರು ಇದ್ದಮೇಲೆ ಹೊದಿಕೆ ಧೂಳಿಗೆ ಮಾತ್ರ ಬೇಕು. ಅದಕ್ಕೆ ಹಳೆಯ ಹತ್ತಿ ಬಟ್ಟೆ ಸಾಕು, ಅದನ್ನೂ ಸಡಿಲವಾಗಿ ಹಾಕಬೇಕು.

ಸೂರಿನ ವಿಷಯದಲ್ಲಿ ನಮ್ಮ ಹಿರಿಯರ ಮನೆಗಳನ್ನು ನೋಡಿದರೆ ಸಾಕು. ಎತ್ತರದ ಜಗಲಿ, ಹೆಂಚಿನ ಮಾಡು, ಸುತ್ತ ಗಾಳಿಗೆ ದಾರಿ. ಹೆಂಚುಗಳ ಸಂದಿಯಿಂದ ತೇವದ ಗಾಳಿ ಮೇಲೆ ಹೋಗುತ್ತದೆ, ಹೆಂಚು ತಾನೂ ಸ್ವಲ್ಪ ತೇವ ಹೀರಿ ಬಿಡುತ್ತದೆ. ಕಬ್ಬಿಣದ ಶೀಟು ಹಾಗಲ್ಲ. ರಾತ್ರಿ ತಣಿದು ಬೆಳಗಿನ ಜಾವ ಕೆಳಮೈಯಿಂದ ಹನಿ ಉದುರಿಸುತ್ತದೆ. ಶೀಟೇ ಗತಿಯಾದರೆ ಕೆಳಗೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು ಒಳ್ಳೆಯದು. ನಮ್ಮ ಶೆಡ್ಡಿನ ಪಡುಗಡೆಗೆ ಗೋಡೆ ಎಬ್ಬಿಸಿ, ಮೂಡುಗಡೆ ತೆರೆದಿಟ್ಟಿದ್ದೇನೆ. ಉಪ್ಪು ಬರುವ ದಿಕ್ಕು ಮುಚ್ಚಿರಬೇಕು, ಒಣಗಾಳಿ ಬರುವ ದಿಕ್ಕು ತೆರೆದಿರಬೇಕು. ನೆಲ ಮಣ್ಣಿನದಾಗಿದ್ದರೆ ಅದರಿಂದ ಏಳುವ ತೇವ ನೇರ ಕಾರಿನ ತಳಕ್ಕೆ ತಗಲುತ್ತದೆ. ಹಾಗಾಗಿ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕಾಂಕ್ರೀಟ್ ಮಾಡಿಸಿದೆ. ಪ್ಲಾಸ್ಟಿಕ್ ಕಾರಿನ ಕೆಳಗಿರಬೇಕು, ಮೇಲಲ್ಲ.

ಬಾಗಿಲು ಕಿಟಕಿ ಭದ್ರವಾಗಿ ಮುಚ್ಚುವ ಕೋಣೆಯಿದ್ದವರು ತೇವ ತೆಗೆಯುವ ಯಂತ್ರ ಇಡಬಹುದು. ಒಳಗಿನ ತೇವಾಂಶವನ್ನು ಶೇಕಡಾ 50–60ಕ್ಕೆ ತಂದರೆ ಬಣ್ಣ, ಚರ್ಮ, ತಂತಿ, ತಗಡು ಎಲ್ಲಕ್ಕೂ ನೆಮ್ಮದಿ. ತೆರೆದ ಶೆಡ್ಡಿನಲ್ಲಿ ಅದನ್ನು ಇಡುವುದು ಅರಬ್ಬೀ ಸಮುದ್ರವನ್ನು ಚೆಂಬಿನಲ್ಲಿ ಮೊಗೆದಂತೆ. ಎರಡರ ನಡುವಿನ ಅರೆಮುಚ್ಚಿದ ಗ್ಯಾರೇಜೇ ಎಲ್ಲಕ್ಕಿಂತ ಕೆಟ್ಟದ್ದು: ಒದ್ದೆ ಕಾರು ಒಳಗೆ ಬರುತ್ತದೆ, ಗಾಳಿಯಾಡುವುದಿಲ್ಲ, ಯಂತ್ರವೂ ಇಲ್ಲ.

ತೊಳೆಯುವ ನೀರಿನ ಬಗ್ಗೆಯೂ ಒಂದು ಮಾತು. ಹೊಳೆಯ ಅಳಿವೆಯ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪುನೀರು ನುಗ್ಗುತ್ತದೆ. ಆ ನೀರಿನಿಂದ ಕಾರು ತೊಳೆದರೆ ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಬಾಯಿಗೆ ಹಾಕಿ ರುಚಿ ನೋಡಿ, ಕುಡಿಯಲಾಗದ ನೀರನ್ನು ಕಾರಿಗೂ ಹಾಕಬೇಡಿ. ತಳವನ್ನು ಚೆನ್ನಾಗಿ ತೊಳೆಯುವುದಾದರೆ ಮಳೆ ಮುಗಿದ ಮೇಲೆ, ಸಿಹಿನೀರಿನಲ್ಲಿ, ಮಾರನೆಯ ದಿನ ಬಿಸಿಲು ಇದೆ ಎಂದು ಖಚಿತವಾದಾಗ.

ತಗಡಿನ ಆಚೆ

ತೇವ ತಗಡಿನಲ್ಲೇ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯೋ ಚಾರ್ಮಾಡಿಯೋ ಇಳಿಯುವಾಗ ಬ್ರೇಕ್ ಕಾದು, ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಸಿಲಿಂಡರ್ ಒಳಗೂ ತುಕ್ಕು ಹಿಡಿಯುತ್ತದೆ. ನಮ್ಮ ಕಡೆ ಪ್ರತಿ ವರ್ಷ ಬದಲಾಯಿಸುವುದೇ ಸರಿ. ಜೊತೆಗೆ, ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಬಾರದು. ಬ್ರೇಕ್ ಶೂ ಡ್ರಮ್‌ಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಎರಡು ಕಲ್ಲು ಕೊಟ್ಟರೆ ಸಾಕು.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಅನೇಕರಿಗೆ ಇದೆ. ಒಳ್ಳೆಯ ಮನಸ್ಸಿನಿಂದ ಮಾಡುವ ಕೆಡುಕು ಇದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಎಂಜಿನ್, ಸೈಲೆನ್ಸರ್ ಪೂರ್ತಿ ಕಾದಿದ್ದರೆ ಅದು ಆವಿಯಾಗಿ ಹೊರಹೋಗುತ್ತದೆ. ಅರೆಬರೆ ಕಾದು ನಿಂತರೆ ಸೈಲೆನ್ಸರ್ ಒಳಗೇ ಉಳಿದು ಅದನ್ನು ಕೊರೆಯುತ್ತದೆ, ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಬದಿ ನೋಡಿ. ಹಾಲಿನ ಕೆನೆಯಂತಹ ತಿಳಿಹಳದಿ ಲೋಳೆ ಹತ್ತಿದ್ದರೆ ಮೊದಲು ನೆನೆಯಬೇಕಾದದ್ದು ಇದನ್ನೇ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು, ಸಾಧ್ಯವಾಗದಿದ್ದರೆ ಮುಟ್ಟದೆ ಬಿಡುವುದು ಮೇಲು. ಮಳೆಗಾಲವಿಡೀ ಓಡಿಸುವಂತಿಲ್ಲ ಎಂದೇನೂ ಇಲ್ಲ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂಬ ಮಾತು ತುಳುವರಲ್ಲಿದೆ. ಅಂಥ ಹೊಳವಿನ ದಿನ ಸಿಕ್ಕಿದರೆ ಕಾರನ್ನು ಹೊರಗೆ ತಂದು, ನಾಲ್ಕೂ ಬಾಗಿಲು, ಡಿಕ್ಕಿ, ಬಾನೆಟ್ ತೆರೆದಿಟ್ಟು, ಮ್ಯಾಟ್ ಕಿತ್ತು ಒಣಗಿಸಿ, ಸಂಜೆ ಒಂದು ಸುತ್ತು ಹೋಗಿ ಬರಬೇಕು.

ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೂ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ನೀರನ್ನು ಸೆಳೆಯುತ್ತದೆ. ಹೆಚ್ಚು ಸೆಳೆದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತವೆ, ಉಕ್ಕಿನ ಟ್ಯಾಂಕನ್ನು ಅಲ್ಲಿಂದ ತಿನ್ನುತ್ತವೆ. ಹಳೆಯ ರಬ್ಬರ್ ಪೈಪು, ಕಾರ್ಬುರೇಟರಿನ ಒಳಭಾಗಗಳು ಈ ಇಂಧನಕ್ಕೆ ಮಾಡಿದವಲ್ಲ. ಪೈಪುಗಳನ್ನು ಎಥೆನಾಲ್ ತಡೆಯುವ ಬಗೆಗೆ ಬದಲಾಯಿಸಿ, ಓಡಿಸುವ ಕಾರಾದರೆ ಟ್ಯಾಂಕ್ ತುಂಬಿಡಿ. ಖಾಲಿ ಜಾಗ ಕಡಿಮೆಯಾದಷ್ಟು ತೇವದ ಗಾಳಿ ಒಳಗೆ ಬರುವುದು ಕಡಿಮೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಸಿ.

ಸೀಟಿನ ಬೂಷ್ಟು ಎಲ್ಲರಿಗೂ ಗೊತ್ತಿರುವುದೇ. ತೇವಾಂಶ ಶೇಕಡಾ 70 ದಾಟಿ ಕೆಲವು ದಿನ ನಿಂತರೆ ಅದು ಬರುತ್ತದೆ, ಗಾಳಿಯಾಡಿದರೆ ಹೋಗುತ್ತದೆ. ಕಿಟಕಿಯ ಗಾಜನ್ನು ಒಂದು ಬೆರಳಿನಷ್ಟು ಇಳಿಸಿ, ಇಲಿ ನುಗ್ಗದಂತೆ ಬಲೆ ಕೊಟ್ಟರೆ ಅರ್ಧ ತೊಂದರೆ ಕಳೆಯುತ್ತದೆ.

ದುರಸ್ತಿಯಲ್ಲಿ ಆಗುವ ತಪ್ಪು

ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳು ನಿಲ್ಲುತ್ತವೆ. ಕಾರಿನ ಕೆಲಸಕ್ಕೂ ಅದೇ ಗಡುವು. ತಳದ ಕೆಲಸವೆಲ್ಲ ಅದಕ್ಕೆ ಮೊದಲು, ಲೋಹ ಕಾದು ಒಣಗಿರುವಾಗ ಮುಗಿಯಬೇಕು. ಒಂದು ವರ್ಷ ನಾನು ಜೂನ್ ಎರಡನೆಯ ವಾರಕ್ಕೆ ಹೋದೆ. ಒಂದು ವರ್ಕ್‌ಶಾಪಿನಲ್ಲಿ ತಳವನ್ನು ತೊಳೆದು, ಒದ್ದೆ ಆರುವ ಮೊದಲೇ ಕಪ್ಪು ಟಾರಿನಂತಹ ಅಂಡರ್‌ಕೋಟಿಂಗ್ ಹೊಡೆದು ಕೊಟ್ಟರು. ನೋಡಲು ಹೊಸದರಂತೆ ಇತ್ತು. ಎರಡು ವರ್ಷ ಕಳೆದು ಒಂದು ಮೂಲೆಯನ್ನು ಉಗುರಿನಿಂದ ಎತ್ತಿದಾಗ ಹಳೆಯ ಗಾಯದ ಹಕ್ಕಳೆಯಂತೆ ಇಡೀ ಹಾಳೆ ಎದ್ದು ಬಂತು. ಅಡಿಯಲ್ಲಿ ತಗಡಿನ ಬದಲು ಕೆಂಪು ಪುಡಿ. ಗಟ್ಟಿಯಾಗುವ ಟಾರು ಬಿರುಕು ಬಿಟ್ಟ ಕೂಡಲೇ ಒಳಗೆ ನೀರು ಸೇರಿಸಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ನಮ್ಮ ಹವೆಗೆ ಬೇಕಾದದ್ದು ಮೆತ್ತಗೇ ಉಳಿಯುವ ಲೇಪ: ಮೇಣದ ಅಥವಾ ಉಣ್ಣೆಯ ಜಿಡ್ಡಿನಿಂದ ಮಾಡಿದ್ದು. ಅದು ಬಿರುಕಿಗೆ ತಾನೇ ಹರಿದು ಸೇರುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕಾಗುತ್ತದೆ, ಹೊಡೆಯೋಣ.

ತುಕ್ಕಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪುಟ್ಟಿಯೇ ತೇವ ಹೀರುತ್ತದೆ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಹೊಸ ತಗಡು ಬೆಸೆಯಬೇಕು. ಮೇಲ್ಮೈಯ ತುಕ್ಕಾದರೆ ಉಜ್ಜಿ, ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು ಒಣಗಿಸಬೇಕು. ಈ ತೊಳೆಯುವ ಹಂತವನ್ನೇ ಬಿಡುತ್ತಾರೆ; ಗುಂಡಿಗಳಲ್ಲಿ ಉಳಿದ ಕ್ಲೋರೈಡ್ ಮೂರು ತಿಂಗಳಲ್ಲಿ ಹೊಸ ಬಣ್ಣವನ್ನು ಎತ್ತುತ್ತದೆ. ಆಮೇಲೆ ಟ್ಯಾನಿಕ್ ಆಮ್ಲವಿರುವ ತುಕ್ಕು ಪರಿವರ್ತಕ ಬಳಿದರೆ ಕೆಂಪು ತುಕ್ಕು ಕಪ್ಪಗಿನ ಗಟ್ಟಿ ಪೊರೆಯಾಗುತ್ತದೆ. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಅಲಗು ಕಪ್ಪಾಗುತ್ತದಲ್ಲ, ಇದೂ ಅದೇ ಕ್ರಿಯೆ: ಕಾಯಿಯ ಒಗರು ಕಬ್ಬಿಣದ ಜೊತೆ ಸೇರುವುದು.

ಘಟ್ಟದ ಮೇಲಿನ ಕಾರು ಕೊಂಡು ತಂದರೆ ಈ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ಬಳ್ಳಾರಿ, ಕಲಬುರಗಿಯ ಕಾರಿನ ತಗಡು ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಅಲ್ಲಿನ ಬಿಸಿಲು ರಬ್ಬರ್ ಬೀಡಿಂಗ್‌ಗಳನ್ನು ಒಣಗಿಸಿ ಸೀಳಿರುತ್ತದೆ. ಒಣಹವೆಯಲ್ಲಿ ಅದರಿಂದ ನಷ್ಟವಿಲ್ಲ. ಅದೇ ಕಾರು ಚಾರ್ಮಾಡಿ ಇಳಿದು ಬಂದು ಮೊದಲ ಮಳೆಗೆ ನಿಂತಾಗ ಗಾಜಿನ ಅಂಚಿನಿಂದ ನೀರು ಒಳಗೆ ಇಳಿದು, ಮ್ಯಾಟಿನ ಅಡಿಯಲ್ಲಿ ನಿಂತು, ಮೂವತ್ತು ವರ್ಷ ಉಳಿದಿದ್ದ ತಳವನ್ನು ಮೂರೇ ವರ್ಷದಲ್ಲಿ ತೂತು ಮಾಡಬಹುದು. ಅಲ್ಲಿಂದ ತರುವವರು ಮೊದಲು ಎಲ್ಲ ಬೀಡಿಂಗ್ ಬದಲಾಯಿಸಬೇಕು, ಆಮೇಲೆ ಬಣ್ಣದ ಯೋಚನೆ.

ಇನ್ನೊಂದು ಸಂಗತಿಯನ್ನು ಬಿಡಬಾರದು: ಚಾಸಿ ನಂಬರ್. ಹಳೆಯ ಕಾರುಗಳಲ್ಲಿ ಅದನ್ನು ತಗಡಿನ ಮೇಲೆ ಒತ್ತಿರುತ್ತಾರೆ. ಖಾಸಗಿ ಕಾರಿಗೆ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಆಗ ಈ ನಂಬರ್ ಓದಲು ಸಿಗಬೇಕು. 50 ವರ್ಷ ದಾಟಿದ ಕಾರುಗಳಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸುವವರಿಗೂ ಕಾರಿನ ಗುರುತೇ ಮುಖ್ಯ. ತುಕ್ಕು ಆ ಅಂಕೆಗಳನ್ನು ತಿಂದರೆ ಕಾರು ಗಟ್ಟಿಯಿದ್ದೂ ಕಾಗದದಲ್ಲಿ ಇಲ್ಲವಾಗುತ್ತದೆ. ಪೆನ್ಸಿಲಿನಿಂದ ಉಜ್ಜಿ ಒಂದು ಅಚ್ಚು ತೆಗೆದಿಟ್ಟುಕೊಳ್ಳಿ, ಅಂಕೆಗಳ ಮೇಲೆ ತೆಳುವಾಗಿ ಗ್ರೀಸ್ ಹಚ್ಚಿ.

ನಮ್ಮ ಕಾರಿನ ಎಡಗಡೆಯ ಸಿಲ್‌ಗೆ ಅದೇ ಹಿರಿಯರು ಹೊಸ ತಗಡು ಬೆಸೆದು, ಒಳಗೆ ಮೇಣ ಹಾಯಿಸಿ, ತಳದ ತೂತುಗಳನ್ನು ಮೊದಲಿಗಿಂತ ಒಂದು ಎಳೆ ದೊಡ್ಡದು ಮಾಡಿಕೊಟ್ಟರು. ಈ ಸಲ ಪತ್ತನಾಜೆಯ ಹಿಂದಿನ ವಾರ ಅಲ್ಲಿಗೆ ಕಡ್ಡಿ ಹಾಕಿದೆ. ಬಂದದ್ದು ಒಣಧೂಳು. ಬಲಗಡೆಯದರಲ್ಲಿ ಕಡ್ಡಿಯ ತುದಿ ಇನ್ನೂ ಒದ್ದೆಯಾಗಿ ಬಂತು. ಮುಂದಿನ ಗಾಜಿನ ಬಲಮೂಲೆಯ ಬೀಡಿಂಗ್ ಸೋರುತ್ತಿರಬೇಕು, ಮಳೆ ಹಿಡಿಯುವ ಮೊದಲು ಗಾಜು ತೆಗೆಸಿ ನೋಡಬೇಕು.